ಗೋಡೆ ನೋಡಿದವನು ಟಿಕೆಟ್ ಕೊಳ್ಳಬೇಕಲ್ಲ!

ಪೋಸ್ಟರ್ ನೋಡುವವರು ಸಾವಿರ ಮಂದಿ ಸ್ವಾಮಿ, ಟಿಕೆಟ್ ಕೊಳ್ಳುವವರು? ನೋಡಿದವನ ಕೈಯನ್ನು ಜೇಬಿಗೆ ಇಳಿಸೋದೇ ಪ್ರಚಾರ. ಗಾಂಧಿನಗರದ ಅನೇಕರು ಅದನ್ನು ಬರೀ ಗದ್ದಲ ಅಂದುಕೊಂಡಿದ್ದಾರೆ.

ಹಳೇ ಚಿತ್ರಗಳ ಹಾಡಿನ ಪುಸ್ತಕ ಸಿಕ್ಕರೆ ನಾನು ಬಿಡೋದಿಲ್ಲ. ಥಿಯೇಟರ್ ಬಳಿ ಚಿಲ್ಲರೆ ಕಾಸಿಗೆ ಮಾರುತ್ತಿದ್ದ ಅದರಲ್ಲಿ ಕಥಾಸಾರಾಂಶವೂ ಇರುತ್ತಿತ್ತು. ನಾಯಕಿ ಮನೆ ಬಿಟ್ಟಳು, ನಾಯಕನ ಮೇಲೆ ಕೊಲೆ ಆಪಾದನೆ ಬಂತು... ಅಷ್ಟಕ್ಕೇ ಬ್ರೇಕು! ಉಳಿದದ್ದು ಬೆಳ್ಳಿತೆರೆಯ ಮೇಲೆ. ಎಲ್ಲಿ ನಿಲ್ಲಿಸಬೇಕು ಅಂತ ಬರೆದ ಪುಣ್ಯಾತ್ಮನಿಗೆ ಗೊತ್ತಿತ್ತು. ಈಗಿನ ಟ್ರೇಲರ್‌ಗಳು ಫೈಟು, ಸಾಂಗು, ಸೆಂಟಿಮೆಂಟು ಎಲ್ಲಾ ಮೂರೇ ನಿಮಿಷದಲ್ಲಿ ಬಡಿಸಿ ಕೈ ತೊಳೆಸಿಬಿಡುತ್ತವೆ. ಉಂಡೆದ್ದವನು ಮತ್ತೆ ಎಲೆ ಹಾಕಿಸ್ಕೋತಾನಾ?

2010ರಲ್ಲಿ ಉಪೇಂದ್ರ ತಮ್ಮ ಚಿತ್ರಕ್ಕೆ ಅಕ್ಷರದ ಹೆಸರೇ ಇಡದೆ ಬರೀ ಕೈಬೆರಳಿನ ಸನ್ನೆ ಹಾಕಿದರು. ಜನ ‘ಸೂಪರ್’ ಅಂತ ಓದಿಕೊಂಡರು. ಅದು ಸ್ಟಾರ್‌ಗೆ ಸಲ್ಲುವ ಆಟ ಅನ್ನಿ. ಹೊಸಬರು? 2017ರಲ್ಲಿ ರಾಜ್ ಬಿ. ಶೆಟ್ಟಿ ‘ಒಂದು ಮೊಟ್ಟೆಯ ಕಥೆ’ ಅಂದರು. ಬೋಳುತಲೆಯ ಕನ್ನಡ ಮೇಷ್ಟ್ರಿಗೆ ಹೆಣ್ಣು ಸಿಗ್ತಿಲ್ಲ, ಇಷ್ಟೇ ವಿಷಯ. ಬಾಚಣಿಗೆಯಲ್ಲಿ ಕೂದಲು ಕಂಡು ಬೆವತವನು ಆ ಹೆಸರು ಓದಿ ಸುಮ್ಮನೆ ಹೋಗ್ತಾನಾ? ವಿಳಾಸ ಬರೆದ ಕಾಗದ ಅದು!

ಹೊಸಬರ ಚಿತ್ರಕ್ಕೆ ಶುಕ್ರವಾರದಿಂದ ಭಾನುವಾರದ ತನಕ ಆಯುಷ್ಯ. ಸೀಟು ಖಾಲಿಯಿದ್ದರೆ ಸೋಮವಾರ ಷೋ ಎತ್ತಿಬಿಡ್ತಾರೆ. ಎಷ್ಟೋ ಹುಡುಗರ ವರ್ಷಗಟ್ಟಲೆ ದುಡಿಮೆ ಅಲ್ಲಿಗೇ ಮುಗೀತು. ಆದರೂ ಪೋಸ್ಟರ್ ತುಂಬಾ ನಿರ್ಮಾಪಕರ ನೆಂಟರ ಮುಖಗಳು! ಯಾವ ಥಿಯೇಟರು, ಎಷ್ಟು ಗಂಟೆಗೆ ಅನ್ನೋದು ಮೂಲೆಯಲ್ಲಿ, ಇರುವೆ ಗಾತ್ರದಲ್ಲಿ. ಮೊನ್ನೆ ಅದನ್ನು ಹುಡುಕುತ್ತಾ ನಿಂತವನಿಗೆ ಬಸ್ಸೇ ತಪ್ಪಿಹೋಯ್ತು.