ಕೈಗೂ ಚಕ್ರಕ್ಕೂ ನಡುವೆ

ಜೂನ್ 1ಕ್ಕೆ ಉಡುಪಿ ಜಿಲ್ಲೆಯ ಮಲ್ಪೆಯ ಬೋಟುಗಳು ದಡಕ್ಕೆ ಬರುತ್ತವೆ. ಜುಲೈ 31ರವರೆಗಿನ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಕಡಲಿಗಿಳಿಯುವವರಿಗೆ ಅದು ಬಿಡುವು, ಬೋಟು ರಿಪೇರಿಯವರಿಗೆ ಉಸಿರಾಡಲು ಪುರಸೊತ್ತಿಲ್ಲದ ಕಾಲ. ತುಕ್ಕು ಕೆರೆಯಬೇಕು, ಸವೆದ ತಗಡು ಕತ್ತರಿಸಿ ತೆಗೆಯಬೇಕು, ಹೊಸ ತಗಡು ಕೂರಿಸಿ ಬೆಸುಗೆ ಹಾಕಿ ಉಜ್ಜಬೇಕು, ವಿಂಚ್ ಬಿಚ್ಚಿ ಜೋಡಿಸಬೇಕು. ಆಗಸ್ಟ್ ಬರುವ ಮೊದಲು ಎಲ್ಲವೂ ಮುಗಿಯಬೇಕು. ಇಷ್ಟೂ ಕೆಲಸ ನಡೆಯುವುದು ಕರಾವಳಿಯ ಜಡಿಮಳೆಯಲ್ಲಿ, ಕರೆಂಟು ಹೋಗಿ ಬರುತ್ತಿರುವ ದಿನಗಳಲ್ಲಿ.

ಹಡಗು ಕಟ್ಟುವ ಜಾಗದ ಅಪಘಾತ ಎಂದರೆ ಪತ್ರಿಕೆ ಓದುವವರಿಗೆ ದೊಡ್ಡ ದುರಂತಗಳೇ ನೆನಪಾಗುತ್ತವೆ. 2018ರ ಫೆಬ್ರವರಿಯಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್‌ನಲ್ಲಿ ದುರಸ್ತಿಗೆ ನಿಂತಿದ್ದ ‘ಸಾಗರ್ ಭೂಷಣ್’ ಹಡಗಿನಲ್ಲಿ ಸ್ಫೋಟವಾಗಿ ಐವರು ಸತ್ತರು. 2020ರ ಆಗಸ್ಟ್ 1ರಂದು ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡ್‌ನಲ್ಲಿ ಕ್ರೇನ್ ಕುಸಿದು ಹನ್ನೊಂದು ಜನ ಹೋದರು. ಇವು ಸುದ್ದಿಯಾದವು, ತನಿಖೆಯಾದವು. ಒಬ್ಬ ವೆಲ್ಡರನ ಹೆಬ್ಬೆರಳು ಹೋದದ್ದು ಹೀಗೆ ಸುದ್ದಿಯಾಗುವುದಿಲ್ಲ. ಆದರೆ ಆ ಬೆರಳನ್ನು ಉಳಿಸಬಹುದಾಗಿದ್ದ ವಸ್ತು ಹೆಚ್ಚಿನ ಸಲ ಅಲ್ಲೇ, ಯಂತ್ರದ ಪಕ್ಕದಲ್ಲೇ, ಬಿಚ್ಚಿಟ್ಟ ಸ್ಥಿತಿಯಲ್ಲಿ ಬಿದ್ದಿರುತ್ತದೆ.

ಆ ವಸ್ತುವೇ ಗಾರ್ಡ್. ಅದೇನೆಂದು ತಿಳಿಯಲು ಯಾರೂ ಕಾರ್ಖಾನೆಗೆ ಹೋಗಬೇಕಿಲ್ಲ. ಬೈಕಿನ ಹಿಂದಿನ ಚಕ್ರಕ್ಕಿರುವ ಸೀರೆ ಗಾರ್ಡನ್ನು ನೋಡಿದರೆ ಸಾಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ, ಹಿಂಬದಿ ಸವಾರರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಭಾಗಕ್ಕೆ ರಕ್ಷಣೆ ಬೇಕೆನ್ನುತ್ತದೆ. ಕುಳಿತವರು ಎಚ್ಚರ ತಪ್ಪಿದರೂ ಸೀರೆ ಚಕ್ರಕ್ಕೆ ಸೇರುವುದಿಲ್ಲ. ಒಳ್ಳೆಯ ಗಾರ್ಡಿನ ಗುಣವೇ ಇದು. ಅದು ಮನುಷ್ಯನ ಎಚ್ಚರವನ್ನು ನಂಬಿ ಕೂರುವುದಿಲ್ಲ.

ಉಡುಪಿ ಜಿಲ್ಲೆಗೆ ಹಡಗು ಕಟ್ಟುವುದು ಪರಕೀಯ ವಿಷಯವಲ್ಲ. ಮಲ್ಪೆ, ಹಂಗಾರಕಟ್ಟೆಗಳಲ್ಲಿದ್ದ ಟೆಬ್ಮಾ ಶಿಪ್‌ಯಾರ್ಡ್ಸ್ ದಿವಾಳಿ ಪ್ರಕ್ರಿಯೆಗೆ ಹೋದಾಗ 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ಅದನ್ನು ಕೊಂಡಿತು. 2022ರಲ್ಲಿ ಅದರ ಹೆಸರು ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂದಾಯಿತು. ನಾರ್ವೆಯ ವಿಲ್ಸನ್ ಕಂಪನಿಗೆ 3,800 ಟನ್ ಸಾಮರ್ಥ್ಯದ ಆರು ಸರಕು ಹಡಗುಗಳನ್ನು ಕಟ್ಟುವ ಕೆಲಸವೂ ಬಂತು. ಇಂಥ ಹಡಗಿನ ಮೈ ಕಟ್ಟಲು ದಪ್ಪ ಉಕ್ಕಿನ ತಗಡನ್ನು ಬಾಗಿಸುವ ಉರುಳೆಗಳು, ಕತ್ತರಿಸುವ ಶಿಯರಿಂಗ್ ಯಂತ್ರ, ಮಡಿಸುವ ಪ್ರೆಸ್ ಬೇಕು. ಪ್ರೆಸ್ಸಿಗೆ ಎರಡು ಗುಂಡಿಗಳಿರುತ್ತವೆ. ಎರಡೂ ಕೈಗಳಿಂದ ಒಟ್ಟಿಗೆ ಒತ್ತಿದರೆ ಮಾತ್ರ ಅದು ಇಳಿಯುತ್ತದೆ, ಆಗ ಕೈ ಬೇರೆಲ್ಲೂ ಇರಲಾರದು. ಉರುಳೆ ಯಂತ್ರದ ಮುಂದೆ ಒಂದು ತಂತಿ ಹಾದಿರುತ್ತದೆ. ಮೈ ತಾಗಿದರೂ ಸಾಕು, ಯಂತ್ರ ನಿಲ್ಲುತ್ತದೆ. ದೊಡ್ಡ ಯಾರ್ಡಿಗೆ ಸುರಕ್ಷತಾ ಅಧಿಕಾರಿ ಇರುತ್ತಾರೆ, ಪರಿಶೀಲನೆ ಇರುತ್ತದೆ, ವಿದೇಶಿ ಗ್ರಾಹಕರ ಕಣ್ಣೂ ಇರುತ್ತದೆ.

ಕಷ್ಟವಿರುವುದು ಯಾರ್ಡಿನ ಗೋಡೆಯಾಚೆ, ನಾಲ್ಕು ಇಂಚಿನ ಗ್ರೈಂಡರಿನಲ್ಲಿ. ಈ ಯಂತ್ರ ದಕ್ಕೆಯಲ್ಲಿದೆ, ಕಾಪುವಿನ ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿದೆ, ಕಾರ್ಕಳದ ಕಲ್ಲು ಕೆತ್ತುವವರ ಕೈಯಲ್ಲಿದೆ, ಬೆಳ್ಮಣ್ಣಿನ ವೆಲ್ಡಿಂಗ್ ಅಂಗಡಿಯಲ್ಲೂ ಇದೆ. 100 ಮಿಲಿಮೀಟರ್ ಡಿಸ್ಕ್ ನಿಮಿಷಕ್ಕೆ 11,000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ ಸುಮಾರು 207 ಕಿಲೋಮೀಟರ್. ಡಿಸ್ಕ್ ಒಡೆದರೆ ಚೂರುಗಳು ಹೊರಡುವುದು ಅದೇ ವೇಗದಲ್ಲಿ. ಗಾರ್ಡ್ ಇದ್ದರೆ ಆ ಚೂರುಗಳು ಹಿಡಿದವನ ಮುಖದ ಕಡೆಗೆ ಬರುವುದಿಲ್ಲ. ಗಾರ್ಡ್ ಬಿಚ್ಚುವುದಕ್ಕೆ ಒಂದು ಕಾರಣ, ದೊಡ್ಡ ಡಿಸ್ಕ್ ಕೂರಿಸುವ ಆಸೆ. 180 ಮಿಲಿಮೀಟರ್ ಡಿಸ್ಕಿನ ಮೇಲೆ ನಿಮಿಷಕ್ಕೆ 8,500 ಸುತ್ತಿನ ಮಿತಿಯನ್ನು ಅಚ್ಚು ಹಾಕಿರುತ್ತಾರೆ. ಅದನ್ನು ಹೇಗೋ ಸಿಕ್ಕಿಸಿ 11,000 ಸುತ್ತಿನಲ್ಲಿ ಓಡಿಸಿದರೆ ಅಂಚಿನ ವೇಗ ಗಂಟೆಗೆ 370 ಕಿಲೋಮೀಟರ್ ದಾಟುತ್ತದೆ. ಡಿಸ್ಕ್ ತಡೆಯುವುದು 288ರವರೆಗೆ.

ಇನ್ನೊಂದು ಕಾರಣಕ್ಕೆ ಹೆಚ್ಚು ಗೌರವ ಸಲ್ಲಬೇಕು. ಬೋಟಿನ ಒಳಮೈಯಲ್ಲಿ ಪಕ್ಕೆಲುಬುಗಳು ಕೂಡುವ ಮೂಲೆಗಳಿಗೆ ಗಾರ್ಡ್ ಇರುವ ಗ್ರೈಂಡರ್ ಹೋಗುವುದೇ ಇಲ್ಲ. ಕೆಲಸ ಗುತ್ತಿಗೆಯದ್ದು, ಮುಗಿದರೆ ಮಾತ್ರ ಕಾಸು. ಹಾಗಾಗಿ ಬಿಚ್ಚುತ್ತಾರೆ. ಇದನ್ನು ಉಡಾಫೆ ಎಂದು ಬೈದರೆ ಏನೂ ಬದಲಾಗದು. ಆ ಮೂಲೆಗೆ ಹೋಗುವ ಉದ್ದ ಮೂತಿಯ ಸಣ್ಣ ಗ್ರೈಂಡರನ್ನು ಕೊಡಿಸಬೇಕಾದವರು ಕೆಲಸ ಮಾಡಿಸುವವರು.

ಇನ್ನು ಕರೆಂಟು. ಉಜ್ಜುತ್ತಿರುವಾಗ ಕರೆಂಟು ಹೋಗುತ್ತದೆ. ಸ್ವಿಚ್ ಮುಂದಕ್ಕೆ ತಳ್ಳಿ ಲಾಕ್ ಆಗಿದೆ. ಕೆಲಸಗಾರ ಯಂತ್ರವನ್ನು ನೆಲಕ್ಕಿಟ್ಟು ಚಹಾಕ್ಕೆ ಹೋಗುತ್ತಾನೆ, ಇಲ್ಲವೇ ಡಿಸ್ಕ್ ಬದಲಿಸಲು ಕೂರುತ್ತಾನೆ. ಕರೆಂಟು ಬರುತ್ತದೆ. ಗ್ರೈಂಡರ್ ತಾನಾಗಿ ಎದ್ದು ತಿರುಗುತ್ತದೆ. ಮಳೆಗಾಲವೇ ರಿಪೇರಿಗಾಲವೂ ಆಗಿರುವ ಊರಿನಲ್ಲಿ ಇದು ಅಪರೂಪದ ಸಂದರ್ಭವಲ್ಲ. ಕರೆಂಟು ಮರಳಿದರೂ ಮತ್ತೆ ಸ್ವಿಚ್ ಒತ್ತುವ ತನಕ ಚಾಲೂ ಆಗದ ಗ್ರೈಂಡರುಗಳು ಮಾರುಕಟ್ಟೆಯಲ್ಲಿವೆ, ಕೈ ಬಿಟ್ಟ ಕೂಡಲೇ ನಿಲ್ಲುವ ಹಿಡಿಕೆಯವೂ ಇವೆ. ಬೆಲೆ ಸ್ವಲ್ಪ ಹೆಚ್ಚು. ಮಲ್ಪೆಗೆ ಒಂದೇ ಒಂದು ಸುಧಾರಣೆ ಆರಿಸಿಕೊಳ್ಳಿ ಎಂದರೆ ಇದನ್ನೇ ಆರಿಸಬೇಕು.

ಬೆರಳಿಗೆ ಕಾನೂನು ಕಟ್ಟಿರುವ ಬೆಲೆಯೂ ಒಂದಿದೆ. 2025ರವರೆಗೆ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇ. 30 ನಷ್ಟ, ತೋರುಬೆರಳು ಪೂರ್ತಿ ಹೋದರೆ 14, ನಡುಬೆರಳಿಗೆ 12, ಉಂಗುರ ಬೆರಳಿಗೋ ಕಿರುಬೆರಳಿಗೋ 7. ಬಲೆ ನೇಯುವವನ, ಬೀಡಿ ಕಟ್ಟುವವಳ, ರಾತ್ರಿ ಮೇಳದಲ್ಲಿ ಮದ್ದಳೆ ನುಡಿಸುವವನ ಕಿರುಬೆರಳು ಏಳೇ ಪಾಲೇ? ಆ ಪಟ್ಟಿಗೆ ಇದು ತಿಳಿಯದು.

ಯಂತ್ರಕ್ಕೆ ಗಾರ್ಡಿನ ಬೇಲಿ ಹಾಕಿ ಎನ್ನುವ ಕಾನೂನು ಹಳೆಯದು, ಅದರ ವಿರುದ್ಧದ ಗೊಣಗಾಟವೂ ಹಳೆಯದೇ. ಇಂಗ್ಲೆಂಡಿನಲ್ಲಿ 1844ರ ಕಾರ್ಖಾನೆ ಕಾಯ್ದೆ ಯಂತ್ರಕ್ಕೆ ಬೇಲಿ ಕಡ್ಡಾಯ ಮಾಡಿತು, 1855ರಲ್ಲಿ ಗಿರಣಿ ಮಾಲೀಕರು ಸಂಘ ಕಟ್ಟಿ ಅದರ ಎದುರು ನಿಂತರು. 1850ರ ದಶಕದಲ್ಲಿ ಚಾರ್ಲ್ಸ್ ಡಿಕನ್ಸ್ ತನ್ನ ಪತ್ರಿಕೆಯಲ್ಲಿ ಆ ಮಾಲೀಕರನ್ನು ಕಟುವಾಗಿ ಟೀಕಿಸುವ ಲೇಖನಗಳನ್ನು ಪ್ರಕಟಿಸಿದ. ಭಾರತದ ಮೊದಲ ಕಾರ್ಖಾನೆ ಕಾಯ್ದೆ 1881ರದ್ದು, ಅದರಲ್ಲೂ ಯಂತ್ರಕ್ಕೆ ಬೇಲಿಯ ಮಾತಿದೆ. 1948ರ ಕಾಯ್ದೆಯ 21ನೇ ಕಲಮು ಇನ್ನೂ ಖಚಿತವಾಗಿತ್ತು: ಬೇಲಿ ಗಟ್ಟಿಯಾಗಿರಬೇಕು, ಯಂತ್ರ ಚಲಿಸುತ್ತಿರುವಷ್ಟು ಹೊತ್ತೂ ತನ್ನ ಜಾಗದಲ್ಲೇ ಇರಬೇಕು.

ಆದರೆ ಆ ಕಾಯ್ದೆ ಸಾಮಾನ್ಯವಾಗಿ ಅನ್ವಯಿಸುತ್ತಿದ್ದುದು ವಿದ್ಯುತ್ ಬಳಸಿ ಹತ್ತು ಜನ ದುಡಿಯುವ ಕಡೆ. 2020ರಲ್ಲಿ ಅಂಗೀಕಾರವಾಗಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆ, ಕಾರ್ಖಾನೆ ಎನಿಸಿಕೊಳ್ಳಲು ಬೇಕಾದ ಸಂಖ್ಯೆಯನ್ನು ಇಪ್ಪತ್ತಕ್ಕೆ ಏರಿಸಿದೆ. ನಾಲ್ಕೈದು ಜನರ ಬೋಟು ರಿಪೇರಿ ತಂಡ ಹಿಂದೆಯೂ ಹೊರಗಿತ್ತು, ಈಗಲೂ ಹೊರಗೇ. ಹನ್ನೆರಡು ಜನರ ಶೆಡ್ ಮೊದಲು ಕಾರ್ಖಾನೆಯಾಗಿತ್ತು, ಈಗ ಆ ಲೆಕ್ಕಕ್ಕಿಲ್ಲ. ಗ್ರೈಂಡರಿನ ಡಿಸ್ಕ್ ತಲೆ ಎಣಿಸಿ ತಿರುಗುವುದಿಲ್ಲವಾದ್ದರಿಂದ ಈ ಏರಿಕೆಯನ್ನು ಒಪ್ಪುವುದು ಕಷ್ಟ.

ಹಾಗಾದರೆ ಸಣ್ಣ ತಂಡಗಳನ್ನು ತಲುಪುವ ದಾರಿ ಯಾವುದು? ಹಳೆಯ ಕಾಯ್ದೆಯ 26ನೇ ಕಲಮಿನಲ್ಲಿ ಒಂದು ಸುಳಿವಿತ್ತು. ಕಾರ್ಖಾನೆಯ ಬಳಕೆಗಾಗಿ ಹೊದಿಕೆಯಿಲ್ಲದ ಯಂತ್ರವನ್ನು ಮಾರಿದವನೂ ಬಾಡಿಗೆಗೆ ಕೊಟ್ಟವನೂ ಅಲ್ಲಿ ತಪ್ಪಿತಸ್ಥ. ದಂಡ ಐನೂರು ರೂಪಾಯಿಯಷ್ಟೇ, ಆದರೆ ಆಲೋಚನೆ ಸರಿ. ಈ ಹೊಣೆಯನ್ನು ಎಲ್ಲ ಬಾಡಿಗೆ ಅಂಗಡಿಗಳಿಗೂ ವಿಸ್ತರಿಸಬಹುದು. ಗಾರ್ಡಿಲ್ಲದ ಗ್ರೈಂಡರನ್ನು ಬಾಡಿಗೆಗೆ ಕೊಡುವುದಿಲ್ಲ ಎಂದು ಮಲ್ಪೆಯಿಂದ ಕಾರ್ಕಳದವರೆಗಿನ ಅಂಗಡಿಗಳು ತಾವಾಗಿಯೂ ತೀರ್ಮಾನಿಸಬಹುದು. ಮೀನುಗಾರರ ಸಂಘಗಳು ರಿಪೇರಿ ಗುತ್ತಿಗೆ ಮಾತಾಡುವ ಮೇ ತಿಂಗಳಲ್ಲೇ, ತಾನಾಗಿ ಚಾಲೂ ಆಗದ ಯಂತ್ರವನ್ನೇ ಬಳಸಬೇಕೆಂದು ಕರಾರಿನಲ್ಲಿ ಸೇರಿಸಬಹುದು. ಬೋಟಿನ ಎಂಜಿನ್ ಕೋಣೆಗೆ ಇಳಿಯುವವನು, ಬೇರೆಯವರು ಎಂಜಿನ್ ಚಾಲೂ ಮಾಡದಂತೆ, ಬ್ಯಾಟರಿ ಸ್ವಿಚ್ಚಿಗೆ ತನ್ನದೇ ಬೀಗ ಹಾಕಿ ಕೀಲಿಕೈಯನ್ನು ಕಿಸೆಯಲ್ಲಿಟ್ಟುಕೊಳ್ಳುವ ಪದ್ಧತಿಯನ್ನೂ ಅದೇ ಕರಾರಿಗೆ ಸೇರಿಸಬೇಕು.