ಅಗಸಿ ಬಿಟ್ಟು ಹಿತ್ತಲ ಗೋಡೆ ಹಾರಿಸುವವರು

ವೆಬ್ ವಿಳಾಸದ ಬಾಲಕ್ಕೆ :8080 ಅಂತ ಅಂಟಿಸಿ ಜನರ ಕೈಗೆ ಕೊಡುವವರ ಮೇಲೆ ನನಗೆ ಸಿಟ್ಟಿದೆ. ಸಣ್ಣ ಸಿಟ್ಟಲ್ಲ.

ಬೈಲಹೊಂಗಲ ಕಡೆಯ ಒಂದು ಪತ್ತಿನ ಸಂಘ, ಹೆಸರು ಬೇಡ, ಪಾಸ್‌ಬುಕ್ ನೋಡಲಿಕ್ಕೆ ಅಂತ ಸದಸ್ಯರಿಗೆಲ್ಲ ಲಿಂಕ್ ಕಳಿಸಿತು. ಅದರಲ್ಲಿ ಸಂಘದ ಹೆಸರೇ ಇಲ್ಲ. ಬರೀ ಐಪಿ ಅಂಕಿ, ಎರಡು ಚುಕ್ಕೆ, 8080. ನಮ್ಮ ಸೋದರಮಾವ ಒತ್ತಿದರೆ ಬ್ರೌಸರ್ 'ಸುರಕ್ಷಿತವಲ್ಲ' ಅಂದಿತು. ಅವರು ಹೆದರಿ ಫೋನ್ ಮಾಡಿದರೆ ಅಲ್ಲಿಯ ಹುಡುಗ, "ಏನೂ ಆಗೂದಿಲ್ರೀ ಕಾಕಾ, ಹಂಗ ಮುಂದ ಹೋಗ್ರಿ" ಅಂದನಂತೆ.

ಆ ಒಂದು ಮಾತಿನಿಂದ ಏನಾಯಿತು ನೋಡಿ. ಗುರುತಿಲ್ಲದ ಲಿಂಕ್ ಒತ್ತಬಾರದು, ಎಚ್ಚರಿಕೆ ಬಂದರೆ ನಿಲ್ಲಬೇಕು ಅಂತ ಮನೆಯಲ್ಲಿ ನಾವು ವರ್ಷಗಟ್ಟಲೆ ಹೇಳಿಕೊಟ್ಟದ್ದು ಒಂದೇ ಫೋನಿನಲ್ಲಿ ನೀರುಪಾಲು. ನಾಳೆ ಕೆವೈಸಿ ಹೆಸರಲ್ಲಿ ಕಳ್ಳ ಕಳಿಸುವ ಲಿಂಕೂ ಹಿಂಗೇ ಇರುತ್ತದೆ, ಅವನೂ "ಮುಂದ ಹೋಗ್ರಿ" ಅಂತಲೇ ಹೇಳುತ್ತಾನೆ. ಮಾವ ಯಾವುದನ್ನು ನಂಬಬೇಕು?

ಪೋರ್ಟ್ ಅಂದರೆ ಒಂದು ಕಂಪ್ಯೂಟರಿನ ಬಾಗಿಲು ಸಂಖ್ಯೆ, 65535ರವರೆಗೆ. ಅದರಲ್ಲಿ 80 ವೆಬ್‌ಗೆ ಅಂತ 1992ರ ಆರ್‌ಎಫ್‌ಸಿ 1340ರಲ್ಲೇ ಇದೆ, ಎಚ್‌ಟಿಟಿಪಿಎಸ್‌ಗೆ 443. ಬ್ರೌಸರಿಗೆ ಇವೆರಡು ತಾನೇ ಗೊತ್ತು, ನೀವು ಬರೆಯಬೇಕಿಲ್ಲ. ಹಾಗಾದರೆ 8080 ಎಲ್ಲಿಂದ ಬಂತು? ಯುನಿಕ್ಸಿನ ಹಳೇ ಕಟ್ಟಳೆಯಿಂದ: 1024ಕ್ಕಿಂತ ಕೆಳಗಿನ ಪೋರ್ಟನ್ನು ರೂಟ್ ಮಾತ್ರ ತೆರೆಯಬಹುದು. ಅದಕ್ಕೇ ಟಾಮ್‌ಕ್ಯಾಟ್ 8080, ಜಾಂಗೋ 8000, ಫ್ಲಾಸ್ಕ್ 5000. ಬರೆಯುವವನ ಲ್ಯಾಪ್‌ಟಾಪಿನಲ್ಲಿ ಇವೆಲ್ಲ ಚಂದ. ಅದನ್ನೇ ಹಂಗೇ ಊರಿಗೆ ಬಿಟ್ಟರೆ ಅಡುಗೆಮನೆಯಲ್ಲೇ ಬೀಗರನ್ನು ಕೂರಿಸಿದ ಹಾಗೆ. ಇನ್ನು ಕೆಲವರು 80 ಬೇಕೇ ಬೇಕು ಅಂತ ಇಡೀ ಆ್ಯಪನ್ನು ರೂಟ್ ಆಗಿ ಓಡಿಸುತ್ತಾರೆ. ಅದು ಇನ್ನೂ ದೊಡ್ಡ ಹುಚ್ಚು.

ನಮ್ಮ ಊರುಗಳಿಗೆ ಅಗಸಿ ಅಂತ ಇರುತ್ತಿತ್ತಲ್ಲ, ಅದೇ ರಿವರ್ಸ್ ಪ್ರಾಕ್ಸಿ. ಬಂದವರು ಅಗಸಿಯಲ್ಲೇ ನಿಲ್ಲುತ್ತಾರೆ. ಅಲ್ಲಿರುವವನು ಯಾರ ಮನೆ ಅಂತ ಕೇಳಿ, ತಾನೇ ಒಳಗೆ ಹೋಗಿ, ಉತ್ತರ ತಂದು ಕೊಡುತ್ತಾನೆ. ರಾಮದುರ್ಗದ ನೇಕಾರರ ಸೀರೆ ಅಂಗಡಿ ಒಳಗೆ 3000ದಲ್ಲಿರಲಿ, ಸವದತ್ತಿ ಗುಡ್ಡಕ್ಕೆ ಬರುವವರ ರೂಮ್ ಬುಕಿಂಗ್ 5000ದಲ್ಲಿರಲಿ, ಕಿತ್ತೂರಿನ ಟ್ಯೂಷನ್ ಕ್ಲಾಸು 8080ರಲ್ಲಿರಲಿ. ಸರ್ವರ್ ಒಂದೇ, ಹೊರಗೆ ಕಾಣುವುದು 443 ಒಂದೇ. ಯಾವ ಹೆಸರು ಕೇಳಿ ಬಂದರು ಅನ್ನುವುದರ ಮೇಲೆ ಎಂಜಿನ್‌ಎಕ್ಸ್ ಹಂಚುತ್ತದೆ. ಈಗೋರ್ ಸಿಸೋಯೆವ್ ಇದನ್ನು ಹೊರಬಿಟ್ಟದ್ದು 2004ರಲ್ಲಿ, ದುಡ್ಡೂ ಕೊಡಬೇಕಿಲ್ಲ. ಪ್ರಮಾಣಪತ್ರಕ್ಕೂ 2015ರಿಂದ ಲೆಟ್ಸ್ ಎನ್‌ಕ್ರಿಪ್ಟ್ ಇದೆ, ಪುಕ್ಕಟೆ. ಅದರ ಎಚ್‌ಟಿಟಿಪಿ ತಪಾಸಣೆ 80ರ ಬಾಗಿಲನ್ನೇ ತಟ್ಟುತ್ತದೆ. 8080ರಲ್ಲಿ ಕೂತವನ ಮನೆ ಅದಕ್ಕೆ ಸಿಗುವುದೇ ಇಲ್ಲ.

"ಇನ್ನೊಂದು ಸಾಮಾನು ಸೇರಿಸಿದರೆ ಕೆಡೋದೂ ಇನ್ನೊಂದು" ಅನ್ನುವ ವಾದ ಇದೆ. ಸುಳ್ಳಲ್ಲ. ಪ್ರಾಕ್ಸಿ ಹಾಕಿದ ಮೇಲೆ ಬಂದವರೆಲ್ಲ 127.0.0.1 ಅಂತಲೇ ಲಾಗಿನಲ್ಲಿ ಕಾಣುತ್ತಾರೆ. ಎಕ್ಸ್-ಫಾರ್ವರ್ಡೆಡ್-ಫಾರ್ ಹೆಡರ್ ಸರಿಯಾಗಿ ದಾಟಿಸಬೇಕು. ಅರ್ಧ ದಿನದ ತಲೆನೋವು. ಆದರೆ ಆ್ಯಪ್ ಮರುಚಾಲೂ ಆಗುವಾಗ ಜನರಿಗೆ 'ಐದು ನಿಮಿಷ ತಡೀರಿ' ಅನ್ನುವ ಪುಟವನ್ನಾದರೂ ತೋರಿಸಬಹುದಲ್ಲ.

"ಬೇರೆ ಪೋರ್ಟ್ ಇದ್ದರೆ ಹ್ಯಾಕರಿಗೆ ಸಿಗೂದಿಲ್ಲ" ಅನ್ನುವವರಿಗೆ ಮಾತ್ರ ನನ್ನಲ್ಲಿ ತಾಳ್ಮೆಯಿಲ್ಲ. ಒಂದು ಪೋರ್ಟಿನಲ್ಲಿ ಇಡೀ ಐಪಿವಿ4 ಜಗತ್ತನ್ನು 45 ನಿಮಿಷದೊಳಗೆ ತಡಕಬಹುದು ಅಂತ ಜೀಮ್ಯಾಪ್ ಮಾಡಿದವರು 2013ರಲ್ಲೇ ತೋರಿಸಿದ್ದಾರೆ. ಕಳ್ಳನಿಗೆ ನಿಮ್ಮ 8080 ಸಿಗುತ್ತದೆ. ಸಿಗದಿರುವುದು ಗಿರಾಕಿಗೆ. ಎಷ್ಟೋ ಕಾಲೇಜು, ಕಚೇರಿಗಳ ಫೈರ್‌ವಾಲ್ ಹೊರಗೆ ಬಿಡುವುದು 80 ಮತ್ತು 443 ಮಾತ್ರ. ಕ್ಯಾಶ್ ಕೌಂಟರಿನಲ್ಲಿ ಕೂತವಳಿಗೆ ಪುಟ ಸುತ್ತುತ್ತಲೇ ಇರುತ್ತದೆ. ಅವಳು ತನ್ನ ನೆಟ್ಟೇ ಸರಿ ಇಲ್ಲ ಅಂದುಕೊಳ್ಳುತ್ತಾಳೆ, ನಿಮಗೆ ದೂರೂ ಬರುವುದಿಲ್ಲ.

ಬೆಂಗಳೂರಿನಲ್ಲಿ ಕಂಪನಿ ಕೆಲಸಕ್ಕೆ ಇದನ್ನೆಲ್ಲ ಅಚ್ಚುಕಟ್ಟಾಗಿ ಮಾಡುವ ನಮ್ಮ ಹುಡುಗ ಹುಡುಗಿಯರೇ ಊರ ಕೆಲಸ ಬಂದಾಗ "ಹಳ್ಯಾಗ ಇಷ್ಟ ಸಾಕ್ರೀ" ಅನ್ನುತ್ತಾರಲ್ಲ, ಅದು ನನಗೆ ಹೆಚ್ಚು ಚುಚ್ಚುತ್ತದೆ. ಊರವರ ಹಣ ಹಣವಲ್ಲವೇ?

ಡೊಮೇನ್ ಹೆಸರಿಗೆ ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು. ಪ್ರಾಕ್ಸಿ ಹಾಕಿದ ಮೇಲೆ ಆ್ಯಪನ್ನು 127.0.0.1ಕ್ಕೆ ಮಾತ್ರ ಕಟ್ಟಿ. ಡಾಕರ್ ಬಳಸುತ್ತಿದ್ದರೆ ಇನ್ನಷ್ಟು ಹುಷಾರು: ಅದು ಪ್ರಕಟಿಸಿದ ಪೋರ್ಟು ಯುಎಫ್‌ಡಬ್ಲ್ಯೂ ಬೇಲಿಯನ್ನು ದಾಟಿ ಹೊರಗೆ ಬಂದು ನಿಂತಿರುತ್ತದೆ. ಬೇರೆ ಕಡೆಯ ಒಂದು ಕಂಪ್ಯೂಟರಿನಿಂದ :8080 ಹಾಕಿ ನೋಡಿ. ಪುಟ ತೆರೆದರೆ ಕೆಲಸ ಇನ್ನೂ ಮುಗಿದಿಲ್ಲ.