ದೋಣಿಯ ಊರು

ಚಿತ್ರದುರ್ಗದ ಸಮೀಪದ ಭೀಮಸಮುದ್ರದಲ್ಲಿರುವುದು ಸಮುದ್ರವಲ್ಲ, ವಿಶಾಲವಾದ ಕೆರೆ. ದೊಡ್ಡ ಕೆರೆಯನ್ನು ಸಮುದ್ರವೆಂದೇ ಕರೆಯುವುದು ಬಯಲುಸೀಮೆಯ ವಾಡಿಕೆ. ಅಂಥ ಊರಿನವನು ಘಟ್ಟವಿಳಿದು ಹೊನ್ನಾವರಕ್ಕೆ ಬಂದಾಗ, ಶರಾವತಿಯು ಅರಬ್ಬೀ ಸಮುದ್ರವನ್ನು ಕೂಡುವ ನೋಟಕ್ಕೆ ಬೆರಗಾಗುವುದು ಸಹಜ. ಅವನು ದೋಣಿಯೇರಿ ಕಾಂಡ್ಲಾವನದ ಹಸಿರನ್ನು ಸುತ್ತುತ್ತಾನೆ, ಎರಡು ಕಿಲೋಮೀಟರಿಗೂ ಉದ್ದವಾದ ಕೊಂಕಣ ರೈಲ್ವೆ ಸೇತುವೆಯನ್ನು ಕಣ್ತುಂಬ ನೋಡುತ್ತಾನೆ, ಸಂಜೆಗೆ ಮರಳುತ್ತಾನೆ. ಊರನ್ನು ಕಂಡೆನೆಂದು ಹೇಳಿಕೊಳ್ಳುತ್ತಾನೆ. ವಸ್ತುತಃ ಅವನು ಕಂಡದ್ದು ನೀರನ್ನು ಮಾತ್ರ.

ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಮೊರಾಕೋ ದೇಶದ ಪ್ರವಾಸಿ ಇಬ್ನ್ ಬತೂತ ಬೇರೆ ಬಗೆಯ ಅತಿಥಿ. ಹಡಗುಗಳು ಬಂದುಹೋಗುವ ಈ ಬಂದರಿನಲ್ಲಿ ಆತನ ಗಮನವು ಜನರ ಮೇಲೂ ಹರಿಯಿತು. ಇಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದವೆಂದು ಅವನು ದಾಖಲಿಸಿದನು. ಆ ಕಾಲದಲ್ಲಿ ಹುಡುಗಿಯರ ಶಾಲೆಗಳನ್ನು ಎಣಿಸುವ ಪ್ರವಾಸಿಗರೆಷ್ಟು ಮಂದಿ ಇದ್ದಾರು!

ಊರಿನ ನಿವಾಸಿಗೆ ದೋಣಿಯು ವಿನೋದದ ವಸ್ತುವಲ್ಲ. ಹಿಂದೆ ಗೇರುಸೊಪ್ಪೆಯ ಕಡೆಯಿಂದ ಕಾಳುಮೆಣಸು ಈ ಹೊಳೆಯ ದಾರಿಯಲ್ಲಿಯೇ ಬಂದರಿಗೆ ಇಳಿಯುತ್ತಿತ್ತು. ಸೇತುವೆಗಳಾಗುವ ಮುನ್ನ ದಡದಿಂದ ದಡಕ್ಕೆ ದಾಟಿಸುತ್ತಿದ್ದುದೂ ದೋಣಿಯೇ. ಇಂದು ಅದು ಮೀನುಗಾರನ ಅನ್ನದ ಆಧಾರ. ಆದರೆ ಕಡಲಿಗೆ ಹೋಗಲು ಅವನು ಅಳಿವೆಯನ್ನು ದಾಟಬೇಕು. ಅಲ್ಲಿ ಹೊಳೆ ತಂದ ಹೂಳೂ ಕಡಲು ತಳ್ಳಿದ ಮರಳೂ ಸೇರಿ ದಿಬ್ಬವಾಗುತ್ತವೆ. ನಿನ್ನೆ ಆಳವಿದ್ದೆಡೆ ಇಂದು ದೋಣಿಯ ತಳ ನೆಲಕ್ಕೆ ತಾಗಬಹುದು. ಮೀನು ಮರಿಯಿಡುವ ಕಾಲವೆಂದು ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ದಿನಗಳಲ್ಲಿ ಬಲೆ ಹೆಣೆಯುವ ಮನೆಗಳನ್ನು ಯಾವ ಪ್ರವಾಸಿಯೂ ಹುಡುಕಿಕೊಂಡು ಬರುವುದಿಲ್ಲ.

ಪ್ರವಾಸಿಗರಿಂದ ಊರಿಗೆ ನಾಲ್ಕು ಕಾಸು ಬರುವುದೆಂಬ ಮಾತು ನಿಜ. ಹುಟ್ಟು ಹಿಡಿದವನಿಗೆ ಅದು ಬೇಡವಾದ ಸಂಪಾದನೆಯೂ ಅಲ್ಲ. ಹೊಳೆಯಾಚೆಯ ಕಾಸರಕೋಡಿನ ಕಡಲತೀರವು 2020ರಲ್ಲಿ ನೀಲಿ ಬಾವುಟದ ಅಂತರರಾಷ್ಟ್ರೀಯ ಮನ್ನಣೆಯನ್ನು ಪಡೆದುದು ಹೆಮ್ಮೆಯ ಸಂಗತಿಯೇ. ಆದರೆ ಅದೇ ಕಾಸರಕೋಡಿನ ಟೊಂಕದಲ್ಲಿ ಹೆಂಗಸರು ಮರಳ ಮೇಲೆ ಮೀನು ಒಣಗಿಸಿ ಬದುಕುತ್ತಾರೆ. ಆ ವಾಸನೆಗೆ ಮೂಗು ಮುಚ್ಚಿಕೊಳ್ಳುವ ಅತಿಥಿಯು, ರಾತ್ರಿಯೂಟದಲ್ಲಿ ಮೀನನ್ನೇ ಬಯಸುವುದುಂಟು! ದಡವನ್ನು ಚೊಕ್ಕಟಗೊಳಿಸುವ ನೆವದಲ್ಲಿ ಬಲೆ, ಬುಟ್ಟಿ, ದೋಣಿಗಳನ್ನು ಅಲ್ಲಿಂದ ಸರಿಸಿದರೆ ಉಳಿಯುವುದು ಮರಳಷ್ಟೆ. ದಡದ ಮೊದಲ ಹಕ್ಕು ದೋಣಿ ಕಟ್ಟುವವನದು. ಕೊಡೆಯ ನೆರಳಿನ ಕುರ್ಚಿಗೆ ಅನಂತರದ ಸ್ಥಾನ.

ಬಯಲುಸೀಮೆಯವನಿಗೆ ಇದು ತಿಳಿಯದ ನ್ಯಾಯವೇನಲ್ಲ. ತನ್ನ ಕೆರೆಯ ಏರಿಯ ಮೇಲೆ ವಿಹರಿಸಲು ಬಂದವನು ತೂಬು ಮುಚ್ಚಿ ನೀರು ನಿಲ್ಲಿಸಿರೆಂದರೆ ಅವನು ಒಪ್ಪುವನೇ? ಮುಂದಿನ ಬಾರಿ ಹೊನ್ನಾವರದಲ್ಲಿ ದೋಣಿಯೇರಿದಾಗ, ಹುಟ್ಟು ಹಾಕುವವನೊಡನೆ ಅವನು ಅಳಿವೆಯ ಸುದ್ದಿಯನ್ನು ಕೇಳಲಿ: ಈ ವರ್ಷ ದಿಬ್ಬ ಎಲ್ಲಿ ಎದ್ದಿದೆ, ದಾರಿ ಯಾವ ಕಡೆಗೆ ಸರಿದಿದೆ ಎಂದು.